ಸುರಪುರದ ಗುಡ್ಡ ಮತ್ತು ಟೇಲರ್ ಸಾಹೇಬನ ಪುಸ್ತಕ

ಕನ್ನಡದ ಪ್ರವಾಸ ಕಥನದಲ್ಲಿ ಯುರೋಪಿನ ಕೋಟೆಯೊಂದು ಬಂತೆಂದರೆ ಮುಂದಿನ ಎರಡು ಪುಟ ಹೇಗಿರುತ್ತವೆಂಬುದನ್ನು ಓದುಗ ಮೊದಲೇ ಊಹಿಸಬಹುದು. ಲೇಖಕರು ಟಿಕೀಟು ತೆಗೆಸಿ ಒಳಗೆ ಹೋಗುತ್ತಾರೆ. ನೆಲದ ನುಣುಪು, ಅರಸನ ಮಂಚ, ರಾಣಿಯ ಕನ್ನಡಿ, ಗೋಡೆಯ ತುಂಬ ತೈಲಚಿತ್ರ ಇವುಗಳ ವರ್ಣನೆ ಆಗುತ್ತದೆ. ಎಲ್ಲಿಯೂ ಒಂದು ಕಾಗದದ ಚೂರು ಬಿದ್ದಿರಲಿಲ್ಲ ಎಂಬ ಮಾತು ಬರುತ್ತದೆ. ಕೊನೆಗೆ ಒಂದು ನಿಟ್ಟುಸಿರು: ನಮ್ಮಲ್ಲಿಯೂ ಇಂಥವು ಎಷ್ಟಿಲ್ಲ, ಆದರೆ ನಮಗೆ ಉಳಿಸಿಕೊಳ್ಳುವ ಬುದ್ಧಿಯಿಲ್ಲ. ಕಾರಂತರಂಥ ಒಬ್ಬಿಬ್ಬರು ಜಗಳಗಂಟ ಕಣ್ಣಿನವರನ್ನು ಬಿಟ್ಟರೆ ಈ ನಿಟ್ಟುಸಿರು ಹಾಕದವರು ಕಡಿಮೆ.

ನಿಟ್ಟುಸಿರು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದರೊಳಗೆ ಒಂದು ಅವಸರವಿದೆ. ಕೋಟೆಯೆಂದರೆ ಎಲ್ಲ ಕಡೆಗೂ ಒಂದೇ, ಅಲ್ಲಿ ಕಾಪಾಡಿದ್ದಾರೆ, ಇಲ್ಲಿ ಕೆಡವಿದ್ದಾರೆ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಕೋಟೆಯನ್ನು ಯಾರು ಕಟ್ಟಿದರು, ಯಾರಿಗೆ ಹೆದರಿ ಕಟ್ಟಿದರು, ಈಗ ಅದರ ಕತೆಯನ್ನು ಯಾರ ಬಾಯಿಂದ ಕೇಳುತ್ತಿದ್ದೇವೆ ಎಂಬ ಪ್ರಶ್ನೆಗಳು ಅದಕ್ಕೆ ಬೇಕಾಗುವುದಿಲ್ಲ. ನನಗೆ ಈ ಕೊನೆಯ ಪ್ರಶ್ನೆಯೇ ಮುಖ್ಯವೆನಿಸುತ್ತದೆ. ಅದನ್ನು ಕೇಳಲು ಸಮುದ್ರ ದಾಟಬೇಕಿಲ್ಲ. ನಮ್ಮ ಸಗರನಾಡಿನ ರಾಜಧಾನಿಯಾಗಿದ್ದ ಸುರಪುರಕ್ಕೆ ಹೋದರೆ ಸಾಕು.

ನನ್ನೂರು ರಾಮಸಮುದ್ರ. ನಮ್ಮ ಕಡೆಯವರಿಗೆ ಕೋಟೆಯೆಂದರೆ ಮೊದಲು ನೆನಪಾಗುವುದು ಯಾದಗಿರಿಯ ಗುಡ್ಡ. ಮೆಟ್ಟಿಲೇರಿ ಹೋದರೆ ಅಗಸಿ, ಬುರುಜು, ತೋಪು, ಬಂಡೆಯಲ್ಲಿ ಕಡೆದ ಜಿನಬಿಂಬ, ಗುಡ್ಡದ ಮೇಲೆಯೇ ನೀರಿನ ಹೊಂಡ. ಇದು ಎಲ್ಲರಿಗೂ ತಿಳಿಯುವಂಥ ಕೋಟೆ. ರೈಲಿನಲ್ಲಿ ಹೋಗುವವನೂ ಕಿಟಕಿಯಿಂದ ನೋಡಿ ಕೋಟೆ ಎಂದು ಬೆರಳು ತೋರಿಸುತ್ತಾನೆ. ಸುರಪುರ ಹಾಗಲ್ಲ. ಅಲ್ಲಿಗೆ ಕೋಟೆ ನೋಡಲು ಹೋದವರು ಪೆಚ್ಚುಮೋರೆ ಹಾಕಿಕೊಂಡು ಬರುತ್ತಾರೆ. ಗುಂಡುಕಲ್ಲು ಪೇರಿಸಿದಂಥ ಗುಡ್ಡಗಳ ನಡುವೆ ಊರು ಹುದುಗಿಕೊಂಡಿದೆ. ಓಣಿಗಳು ಏರುತ್ತವೆ, ಇಳಿಯುತ್ತವೆ, ಬಂಡೆ ಎದುರಾದರೆ ಬಳಸಿ ಹೋಗುತ್ತವೆ. ಅರಮನೆಯೂ ಈ ಓಣಿಗಳ ನಡುವೆಯೇ ಇದೆ. ದೂರದಿಂದ ಕಂಡು ಎದೆ ಝಲ್ಲೆನ್ನುವಂಥದ್ದು ಅಲ್ಲಿ ಏನೂ ಇಲ್ಲ. ‘ಇಷ್ಟೇನಾ’ ಎಂದು ನಮ್ಮವರೇ ಕೇಳಿದ್ದನ್ನು ನಾನು ಕೇಳಿದ್ದೇನೆ.

ಇಷ್ಟೇ. ಏಕೆಂದರೆ ಇದು ಕಾಣದಿರಲೆಂದು ಕಟ್ಟಿದ ರಾಜಧಾನಿ. ಬೇಡ ನಾಯಕರು ಮೊದಲು ಶಹಾಪುರದ ಹತ್ತಿರದ ಸಗರದಲ್ಲಿದ್ದರು. 1686ರ ಸೆಪ್ಟೆಂಬರಿನಲ್ಲಿ ವಿಜಾಪುರ ಬಿತ್ತು, ಮರುವರ್ಷ ಗೋಲ್ಕೊಂಡ ಬಿತ್ತು, ಅದರ ಬೆನ್ನಿಗೇ ಸಗರವೂ ಮೊಗಲರ ಕೈಗೆ ಹೋಯಿತು. ನಾಯಕರು ವಾಗಣಗೇರಾಕ್ಕೆ ಸರಿದರು. 1705ರಲ್ಲಿ ಔರಂಗಜೇಬ ಅಲ್ಲಿಗೂ ಬಂದ. ಎಂಬತ್ತಾರು ವಯಸ್ಸಿನ ಬಾದಶಹ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾದು ಕೋಟೆ ಹಿಡಿದ. ಒಳಗೆ ನೋಡಿದರೆ ಪಿಡ್ಡನಾಯಕ ಇರಲಿಲ್ಲ. ರಾತ್ರಿಯೇ ಪಾರಾಗಿ ಹೋಗಿದ್ದ. ಎರಡು ವರ್ಷದಲ್ಲಿ ಬಾದಶಹನೇ ತೀರಿಕೊಂಡ. ನಾಯಕರು ಸುರಪುರದ ಬಂಡೆಗಳ ಬೋಗುಣಿಯಲ್ಲಿ ಊರು ಕಟ್ಟಿ ನಿಂತರು. ಎರಡು ಕೋಟೆ ಕಳೆದುಕೊಂಡವರು ಮೂರನೆಯದನ್ನು ಗುಡ್ಡದ ನೆತ್ತಿಯ ಮೇಲೆ ಕಟ್ಟಿ ‘ಬಾ’ ಎಂದು ಕರೆಯುವುದಿಲ್ಲ. ಆ ಊರಿನಲ್ಲಿ ಗೋಡೆಗಿಂತ ಬಂಡೆ ದೊಡ್ಡದು, ಅಗಸಿಗಿಂತ ಓಣಿಯ ತಿರುವು ಬಲವಾದದ್ದು. ಅದನ್ನು ನೋಡಲು ಬೇರೆಯೇ ಕಣ್ಣು ಬೇಕು.

ಹಾಗಾದರೆ ಸುರಪುರದಲ್ಲಿ ಗುಡ್ಡದ ಮೇಲೆ ಎದ್ದು ಕಾಣುವ ಮನೆ ಯಾವುದು? ಟೇಲರ್ ಮಂಜಿಲ್. ಅರಸನ ಮನೆ ಓಣಿಯಲ್ಲಿ, ಸಾಹೇಬನ ಮನೆ ಗುಡ್ಡದ ಮೇಲೆ. ನಾಯಕರಿಗೆ ಮರೆಯಲ್ಲಿರುವುದು ಬೇಕಾಗಿತ್ತು. ಕಂಪನಿಯ ಅಧಿಕಾರಿಗೆ ಮೇಲಿನಿಂದ ಊರನ್ನು ನೋಡುವುದು ಬೇಕಾಗಿತ್ತು. ಇಡೀ ಹತ್ತೊಂಬತ್ತನೆಯ ಶತಮಾನ ಈ ಎರಡು ಮನೆಗಳ ನಡುವಿನ ದಾರಿಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ನಿಜಾಮನ ಸೇವೆಯಲ್ಲಿದ್ದ. (ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಸುರಪುರದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ, ಟೇಲರ್ ಸಾಹೇಬರು ಎನ್ನುತ್ತಾರೆ.) 1841ರಲ್ಲಿ ರಾಜಾ ಕೃಷ್ಣಪ್ಪನಾಯಕ ತೀರಿಕೊಂಡಾಗ ಮಗ ವೆಂಕಟಪ್ಪನಾಯಕ ಏಳೆಂಟು ವರ್ಷದ ಹುಡುಗ. ನಿಜಾಮನ ಬಾಕಿ, ಸಾಲ, ಗಾದಿಯ ಸುತ್ತ ಜಗಳ. ಇದನ್ನೆಲ್ಲ ಸರಿಪಡಿಸಲು ಟೇಲರನನ್ನು ಕಳಿಸಿದರು. ಹುಡುಗ ವಯಸ್ಸಿಗೆ ಬಂದು ಅಧಿಕಾರ ಪಡೆದ 1853ರವರೆಗೆ ಅವನು ಇಲ್ಲಿದ್ದ. ಸಾಲ ತೀರಿಸಿದ, ಜಮೀನಿನ ಲೆಕ್ಕ ನೇರ್ಪಡಿಸಿದ, ಬೋನಾಳದ ಕೆರೆಯನ್ನು ದುರಸ್ತಿ ಮಾಡಿಸಿದ. ಈ ಕೆಲಸಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಬೋನಾಳದಲ್ಲಿ ಇಂದು ಹಕ್ಕಿ ನೋಡಲು ಹೋಗುವವರು ಅವನ ಋಣದಲ್ಲಿಯೂ ಸ್ವಲ್ಪ ಇದ್ದಾರೆ. ಅವನು 1876ರಲ್ಲಿ ಫ್ರಾನ್ಸಿನ ಮಾಂತೋನ್‌ನಲ್ಲಿ ಸತ್ತ. ಮಗಳು ಅವನ ಆತ್ಮಕಥೆ ‘ಸ್ಟೋರಿ ಆಫ್ ಮೈ ಲೈಫ್’ ಅನ್ನು ಸಂಪಾದಿಸಿ 1877ರಲ್ಲಿ ಹೊರತಂದಳು.

ನನ್ನ ತಕರಾರು ಟೇಲರನ ಆಡಳಿತದ ಬಗ್ಗೆ ಅಲ್ಲ, ಆ ಪುಸ್ತಕದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಆ ಪುಸ್ತಕವನ್ನು ನಾವು ಓದಿಕೊಂಡು ಬಂದ ರೀತಿಯ ಬಗ್ಗೆ. ಸುರಪುರವನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ಟೇಲರನನ್ನು ಸಾಕ್ಷಿಯ ಕಟ್ಟೆಯಲ್ಲಿ ನಿಲ್ಲಿಸಿ ಅವನು ಹೇಳಿದ್ದನ್ನು ಬರೆದುಕೊಳ್ಳುತ್ತವೆ. ಕಪಟರಾಳ ಕೃಷ್ಣರಾಯರಂಥವರು ಬೇರೆ ದಾಖಲೆಗಳನ್ನು ಹುಡುಕಿಕೊಂಡು ಹೋದದ್ದು ನಿಜ. ಅಂಥವರ ಸಂಖ್ಯೆ ಕಡಿಮೆ. ಟೇಲರ್ ಮೊದಲು ಕಾದಂಬರಿಕಾರ, ಆಮೇಲೆ ಸಾಕ್ಷಿ ಎಂಬುದನ್ನು ನಾವು ಮರೆಯುತ್ತೇವೆ. ಸುರಪುರಕ್ಕೆ ಕಾಲಿಡುವ ಎರಡು ವರ್ಷ ಮೊದಲೇ, 1839ರಲ್ಲಿ, ‘ಕನ್‌ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಿಂದ ಅವನು ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ಅದರ ಕಟ್ಟಡ ಸರಳ. ಸೆರೆಯಲ್ಲಿರುವ ಅಮೀರ ಅಲಿ ಎಂಬ ಠಕ್ಕ ತನ್ನ ಬದುಕನ್ನೆಲ್ಲ ಸಾಹೇಬನ ಮುಂದೆ ಬಿಚ್ಚಿಡುತ್ತಾನೆ. ಸಾಹೇಬ ಕೇಳಿಸಿಕೊಳ್ಳುತ್ತಾನೆ, ನಡುನಡುವೆ ಬೆಚ್ಚುತ್ತಾನೆ, ಬರೆದುಕೊಳ್ಳುತ್ತಾನೆ. ಕೈದಿ ಹೇಳುವವನು, ಅಧಿಕಾರಿ ಕೇಳುವವನು. ಈ ಕಟ್ಟಡವನ್ನು ಮನಸ್ಸಿನಲ್ಲಿಟ್ಟುಕೊಂಡು ಆತ್ಮಕಥೆಯ ಸುರಪುರದ ಕೊನೆಯ ಭಾಗವನ್ನು ಓದಬೇಕು.

ಆ ಭಾಗದ ಸಂಗತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಬಂಡಾಯವಾಯಿತು. ಬ್ರಿಟಿಷ್ ಅಧಿಕಾರಿಗಳಿಬ್ಬರು ಸತ್ತರು. ಅರಸ ಹೈದರಾಬಾದಿಗೆ ಹೋದ, ಅಲ್ಲಿ ಸಾಲಾರಜಂಗನ ಆಡಳಿತ ಅವನನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿತು. ವಿಚಾರಣೆ ನಡೆಯಿತು. ಮರಣದಂಡನೆ ಕರಿನೀರಿನ ಶಿಕ್ಷೆಯಾಯಿತು, ಅದೂ ಇಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಕರೆದೊಯ್ಯುವಾಗ ಹೈದರಾಬಾದಿನಿಂದ ಹೆಚ್ಚು ದೂರ ಹೋಗುವ ಮೊದಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಅರಸ ಸತ್ತ. ಸಂಸ್ಥಾನ 1860ರಲ್ಲಿ ನಿಜಾಮನ ಪಾಲಾಯಿತು.

ಸೆರೆಯಲ್ಲಿದ್ದ ಅರಸನನ್ನು ಟೇಲರ್ ಹೋಗಿ ಕಂಡ. ಅರಸ ಚಿಕ್ಕಂದಿನಿಂದ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಸೆರೆಯಲ್ಲಿಯೂ ಹಾಗೆಯೇ ಕರೆದ. ರೆಸಿಡೆಂಟನ ಮುಂದೆ ಎಲ್ಲವನ್ನೂ ಹೇಳಿಬಿಡು ಎಂದು ಟೇಲರ್ ಹೇಳಿದಾಗ ಒಪ್ಪಲಿಲ್ಲ. ಜೀವದ ಭಿಕ್ಷೆ ಬೇಡುವವನಂತೆ ಕಾಣಲು ತಾನು ಸಿದ್ಧನಿಲ್ಲ, ಗಲ್ಲಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಲಿ, ಸೆರೆಯಲ್ಲಿ ಬದುಕುವುದು ಸಾಮಾನ್ಯ ಬೇಡನಿಗೂ ಆಗದು, ಅರಸನಿಗೆ ಹೇಗಾದೀತು ಎಂಬ ಅರ್ಥದ ಮಾತಾಡಿದನೆಂದು ಟೇಲರ್ ಬರೆಯುತ್ತಾನೆ. ಓದುವವರ ಕಣ್ಣು ಒದ್ದೆಯಾಗುತ್ತವೆ. ನನ್ನವೂ ಆದವು.

ಆದರೆ ಎರಡನೆಯ ಸಲ ಓದುವಾಗ ನಮಗೆ ಬೇರೆಯದು ಕಾಣಬೇಕು. ಇದು ಹತ್ತೊಂಬತ್ತು ವರ್ಷ ಹಿಂದಿನ ಕಾದಂಬರಿಯ ಕಟ್ಟಡವೇ. ಕೈದಿ, ಸಾಹೇಬ, ಬಿಚ್ಚಿ ಹೇಳು ಎಂಬ ಒತ್ತಾಯ. ವ್ಯತ್ಯಾಸವೆಂದರೆ ಈ ಕೈದಿ ರೆಸಿಡೆಂಟನ ಮುಂದೆ ಹೇಳಲು ಒಪ್ಪಲಿಲ್ಲ. ಅಮೀರ ಅಲಿ ಪುಟಗಟ್ಟಲೆ ಹೇಳಿದ, ವೆಂಕಟಪ್ಪನಾಯಕ ಬಾಯಿ ಬಿಗಿಹಿಡಿದ. ಸುರಪುರದ ಬಂಡಾಯದಲ್ಲಿ ಅವನ ಬಗ್ಗೆ ನಮಗೆ ಖಚಿತವಾಗಿ ಉಳಿದಿರುವುದು ಈ ಮೌನ ಒಂದೇ ಎಂದು ನನ್ನ ತಿಳಿವಳಿಕೆ. ಉಳಿದದ್ದೆಲ್ಲ ಟೇಲರನ ಇಂಗ್ಲಿಷು. ಅರಸ ಅಂದು ಯಾವ ಭಾಷೆಯಲ್ಲಿ ಮಾತಾಡಿದ, ಯಾವ ಮಾತನ್ನು ಯಾವ ಧಾಟಿಯಲ್ಲಿ ಅಂದ ಎಂಬುದು ಹೋಯಿತು. ವಿಕ್ಟೋರಿಯಾ ಕಾಲದ ಕಾದಂಬರಿಯ ಪಾತ್ರದಂತೆ ಅಚ್ಚುಕಟ್ಟಾದ ವಾಕ್ಯಗಳಲ್ಲಿ ಅವನು ಮಾತಾಡುತ್ತಾನೆ. ಇಡೀ ಸಂಭಾಷಣೆಯಲ್ಲಿ ನಮ್ಮ ಭಾಷೆಯದಾಗಿ ಉಳಿದಿರುವುದು ‘ಅಪ್ಪಾ’ ಎಂಬ ಒಂದೇ ಪದ. ಆ ಪದವನ್ನೂ ಟೇಲರ್ ತನಗೆ ಸಂದ ಪದವಿಯೆಂಬಂತೆ ಉಳಿಸಿಕೊಂಡಿದ್ದಾನೆ. ನಮ್ಮ ಸೀಮೆಯಲ್ಲಿ ಅಪ್ಪಾ ಎಂದರೆ ತಂದೆ ಮಾತ್ರವಲ್ಲ. ಮಠದ ಸ್ವಾಮಿಗಳಿಗೂ ಅಪ್ಪಾ ಅವರು ಎನ್ನುತ್ತೇವೆ, ಚಿಕ್ಕ ಹುಡುಗನಿಗೂ ‘ಬಾರಪ್ಪಾ’ ಎನ್ನುತ್ತೇವೆ, ಸಾಕಾಯಿತು ಎನ್ನುವಾಗಲೂ ‘ಯಪ್ಪಾ’ ಎನ್ನುತ್ತೇವೆ. ಸೆರೆಮನೆಯಲ್ಲಿ ಆ ಯುವಕ ಇವುಗಳಲ್ಲಿ ಯಾವ ಅಪ್ಪಾ ಅಂದನೋ ಇಂಗ್ಲಿಷು ಹೇಳಲಾರದು.

ಇನ್ನೊಂದು ಸಂಗತಿ ಜಾತಕದ್ದು. ಅರಸ ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ರಾಜ್ಯ ಕಳೆದುಕೊಂಡು ಸಾಯುತ್ತಾನೆಂದು ಜಾತಕದಲ್ಲಿತ್ತು, ಇದನ್ನು ಅರಮನೆಯ ಬ್ರಾಹ್ಮಣನೊಬ್ಬ ತನಗೆ ಗುಟ್ಟಾಗಿ ಹೇಳಿದ್ದ, ಹಾಗೆಯೇ ಆಯಿತು ಎಂದು ಟೇಲರ್ ಬರೆಯುತ್ತಾನೆ. ಇದನ್ನು ನಮ್ಮವರು ಬಹಳ ಸಂತೋಷದಿಂದ ಎತ್ತಿ ಹೇಳುತ್ತಾರೆ. ನೋಡಿರಿ, ಸಾಹೇಬನೇ ನಮ್ಮ ಜ್ಯೋತಿಷ್ಯಕ್ಕೆ ತಲೆದೂಗಿದ್ದಾನೆ! ಆದರೆ ಈ ಜಾತಕ ಕತೆಯಲ್ಲಿ ಮಾಡುವ ಕೆಲಸವೇನು? ಬಂಡಾಯದ ಕಾರಣಗಳನ್ನು ಅದು ಒಂದೇ ಏಟಿಗೆ ಒರೆಸಿಹಾಕುತ್ತದೆ. ಕಂಪನಿ ಸಂಸ್ಥಾನಗಳನ್ನು ನುಂಗುತ್ತಿದ್ದ ಕಾಲ ಅದು. 1853ರಲ್ಲಿ ನಿಜಾಮನಂಥ ನಿಜಾಮನೇ ಬೇರಾರ, ರಾಯಚೂರು ದೋಆಬುಗಳನ್ನು ಕಂಪನಿಗೆ ಬಿಟ್ಟುಕೊಟ್ಟ. 1858ರ ಬೇಸಿಗೆಯಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಎದ್ದರು. ಇವರೆಲ್ಲರ ಜಾತಕವೂ ಒಂದೇ ಆಗಿತ್ತೆ? ಹಣೆಬರಹ ಎಂದು ಒಪ್ಪಿಕೊಂಡರೆ ಯಾರೂ ಹೊಣೆಯಲ್ಲ. ಅರಸನೂ ಅಲ್ಲ, ಕಂಪನಿಯೂ ಅಲ್ಲ, ಹನ್ನೆರಡು ವರ್ಷ ಅವನನ್ನು ಬೆಳೆಸಿದ ಅಪ್ಪನೂ ಅಲ್ಲ.

ಟೇಲರನಿಗೆ ಇಂಥ ಹೊಂದಾಣಿಕೆಗಳ ಹುಚ್ಚು ಇತ್ತು ಎಂಬುದಕ್ಕೆ ಅವನ ಕಾದಂಬರಿಗಳೇ ಸಾಕ್ಷಿ. ‘ತಾರಾ’ 1657ರ ಸುತ್ತ, ‘ರಾಲ್ಫ್ ಡಾರ್ನೆಲ್’ 1757ರ ಸುತ್ತ, ‘ಸೀತಾ’ 1857ರ ಸುತ್ತ. ನೂರು ನೂರು ವರ್ಷಕ್ಕೊಮ್ಮೆ ಹಿಂದೂಸ್ಥಾನದಲ್ಲಿ ಚಕ್ರ ತಿರುಗುತ್ತದೆಂಬ ಲೆಕ್ಕ. ಮೂರು ಕಾದಂಬರಿಗಳಿಗೆ ಇದು ಒಳ್ಳೆಯ ಹಂದರ. ಒಬ್ಬ ಯುವಕನ ಸಾವಿಗೆ ಇದು ಕಾರಣವಾಗಲಾರದು.

ವಿಚಿತ್ರವೆಂದರೆ ಟೇಲರನನ್ನು ಒಪ್ಪದವರೂ ಅವನನ್ನೇ ಆಶ್ರಯಿಸಬೇಕಾಯಿತು. 1909ರಲ್ಲಿ ಸಾವರ್ಕರ್ 1857ರ ಬಗ್ಗೆ ಬರೆದಾಗ ಸುರಪುರದ ಅರಸನನ್ನು ವೀರನಾಗಿ ನಿಲ್ಲಿಸಲು ಎತ್ತಿಕೊಂಡದ್ದು ಇದೇ ಸೆರೆಮನೆಯ ಸಂಭಾಷಣೆಯನ್ನು. ಟೇಲರ್ ಅದನ್ನು ಕರುಣೆಗಾಗಿ ಬರೆದಿದ್ದ, ಸಾವರ್ಕರ್ ಶೌರ್ಯಕ್ಕಾಗಿ ಓದಿದರು. ನಮ್ಮ ಶಾಲೆಯ ನಾಟಕಗಳು, ಜಯಂತಿಯ ಭಾಷಣಗಳು ಈ ಎರಡನೆಯ ಓದಿನಿಂದ ಹುಟ್ಟಿದವು. ಕಣ್ಣೀರಿನದಾಗಲಿ ಚಪ್ಪಾಳೆಯದಾಗಲಿ, ಎರಡಕ್ಕೂ ಮೂಲ ಒಬ್ಬನೇ ಸಾಕ್ಷಿಯ ಒಂದೇ ಅಧ್ಯಾಯ. ಹೀಗಾಗಿ ನಾವು ಟೇಲರನನ್ನು ಬೈದಾಗಲೂ ಅವನ ಬಂಗಲೆಯ ಜಗಲಿಯ ಮೇಲೆ ಕೂತೇ ಬೈಯುತ್ತಿರುತ್ತೇವೆ.

ರಾಣಿ ಈಶ್ವರಮ್ಮನ ಗತಿ ಇದಕ್ಕಿಂತ ಕೆಟ್ಟದ್ದು. ಅರಸನ ತಾಯಿ. ಆತ್ಮಕಥೆಯಲ್ಲಿ ಅವಳು ಚತುರೆ, ಹಟಮಾರಿ, ಒಳಸಂಚಿನವಳು, ನಡತೆಗೆಟ್ಟವಳು. ಗಂಡ ಸತ್ತಿದ್ದಾನೆ, ಮಗ ಎಳೆಯ, ಮೈದುನ ಅಧಿಕಾರಕ್ಕೆ ಕಾದಿದ್ದಾನೆ, ಗುಡ್ಡದ ಮೇಲೆ ಹೊರಗಿನವನೊಬ್ಬ ಬಂದು ಕೂತು ಮಗನಿಗೆ ತಾನೇ ಅಪ್ಪನಾಗಿದ್ದಾನೆ. ಇಂಥ ಹೆಣ್ಣುಮಗಳು ಹಟಮಾರಿಯಾಗದೆ ಮತ್ತೇನಾಗಬೇಕಿತ್ತು? ಅವಳ ಕಡೆಯಿಂದ ಸುರಪುರದ ಕತೆಯನ್ನು ಹೇಳುವ ಒಂದು ಕಾದಂಬರಿ ಕನ್ನಡದಲ್ಲಿ ಬಂದರೆ ನಾನು ಸಾಲುಗಟ್ಟಿ ನಿಂತು ಕೊಳ್ಳುತ್ತೇನೆ.

ಟೇಲರನ ಕಣ್ಣಿನ ಇನ್ನೊಂದು ಗುಣ ಗೊತ್ತಾಗಬೇಕಾದರೆ ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು, ಸುರಪುರ ಸೀಮೆಯ ರಾಜನಕೋಳೂರಿನ ಕಲ್ಲುಗೋರಿಗಳನ್ನು ನೋಡಬೇಕು. ಇವುಗಳನ್ನು ಮೊದಲು ಅಳೆದು, ಅಗೆದು, ಚಿತ್ರ ಬರೆದು ಹೊರಲೋಕಕ್ಕೆ ತಿಳಿಸಿದವರಲ್ಲಿ ಅವನು ಪ್ರಮುಖ. ದೊಡ್ಡ ಕೆಲಸ. ಆದರೆ ಅವುಗಳಲ್ಲಿ ಅವನು ಕಂಡದ್ದು ತನ್ನ ನಾಡಿನ ಕೆಲ್ಟರ, ಡ್ರುಯಿಡರ ಕಲ್ಲುಗಳನ್ನು. ಸಾವಿರಾರು ಮೈಲಿ ಬಂದು ನಮ್ಮ ಹೊಲದಲ್ಲಿ ಅವನು ತನ್ನ ಊರನ್ನು ಕಂಡ. ನಮ್ಮ ಪ್ರವಾಸ ಕಥನಕಾರರು ಅಲ್ಲಿಗೆ ಹೋಗಿ ತಮ್ಮ ಊರಿನ ಕೊರತೆಯನ್ನು ಕಾಣುತ್ತಾರೆ. ಎರಡೂ ಒಂದೇ ರೋಗದ ಎರಡು ಲಕ್ಷಣ.

ಮಗ ಅಲ್ಲಿ ಕೆಲಸದ ಮೇಲಿದ್ದುದರಿಂದ ನನಗೂ ಒಮ್ಮೆ ಬುಡಾಪೆಸ್ಟಿನಲ್ಲಿ ಒಂದು ವಾರ ಇರುವ ಅವಕಾಶ ಬಂತು. ಹಂಗೇರಿಯ ರಾಜಧಾನಿ. ಡ್ಯಾನ್ಯೂಬ್ ನದಿಯ ಒಂದು ದಡ ಸಪಾಟು, ಇನ್ನೊಂದು ದಡದಲ್ಲಿ ಗುಡ್ಡ. ಗುಡ್ಡದ ಮೇಲೆ ಬುಡಾದ ಕೋಟೆಕೇರಿ. ಅರಮನೆ, ಮತ್ಯಾಸ್ ಇಗರ್ಜಿ, ಹಾಸುಗಲ್ಲಿನ ಓಣಿಗಳು, ಜನ ವಾಸವಿರುವ ಹಳೆಯ ಮನೆಗಳು. ಮೇಲೇರಲು 1870ರಲ್ಲಿ ಹಾಕಿದ ಹಗ್ಗದ ರೈಲು, ಯುದ್ಧದಲ್ಲಿ ಹಾಳಾಗಿ 1986ರಲ್ಲಿ ಮತ್ತೆ ಓಡಿತು. ಕೇರಿಗೆ 1987ರಲ್ಲಿ ಯುನೆಸ್ಕೋದ ಮನ್ನಣೆ ಸಿಕ್ಕಿತು. ಚೆಲುವಾದ ಜಾಗ, ಅದನ್ನು ವರ್ಣಿಸಲು ಬೇರೆ ಪುಸ್ತಕಗಳಿವೆ. ನನ್ನ ಗಮನ ಸೆಳೆದದ್ದು ಎರಡು ಸ್ಮಾರಕಗಳು. ಅವುಗಳಲ್ಲಿ ಒಂದು ಈಗ ಅಲ್ಲಿಲ್ಲ.

ಮೊದಲನೆಯದು ಒಂದು ಗೋರಿಕಲ್ಲು. ಬುಡಾ 1541ರಿಂದ ತುರ್ಕರ ಕೈಯಲ್ಲಿತ್ತು. 1686ರ ಸೆಪ್ಟೆಂಬರ್ 2ರಂದು ಯುರೋಪಿನ ಸೈನ್ಯಗಳು ಅದನ್ನು ಗೆದ್ದುಕೊಂಡವು. ಅದೇ ತಿಂಗಳು ನಮ್ಮ ಕಡೆ ವಿಜಾಪುರ ಬಿತ್ತು. ಅಲ್ಲಿ ಒಂದು ಬಾದಶಾಹಿ ಹಿಂದೆ ಸರಿಯುತ್ತಿತ್ತು, ಇಲ್ಲಿ ಇನ್ನೊಂದು ಮುಂದೆ ನುಗ್ಗುತ್ತಿತ್ತು. ಕೊನೆಯ ತುರ್ಕಿ ಅಧಿಕಾರಿ ಅಬ್ದುರ್ರಹಮಾನ್ ಪಾಶಾ ಎಪ್ಪತ್ತರ ಮುದುಕ, ಹೋರಾಡುತ್ತ ಅಲ್ಲಿಯೇ ಸತ್ತ. ಅವನಿಗೆ ಅಲ್ಲಿ 1932ರಲ್ಲಿ ಕಲ್ಲು ನಿಲ್ಲಿಸಿದವರು ಹಂಗೇರಿಯನ್ನರೇ. ಅದೇ ಮುತ್ತಿಗೆಯಲ್ಲಿ ಸತ್ತ ಹಂಗೇರಿಯ ಸೈನಿಕನೊಬ್ಬನ ವಂಶದವರು. ವೈರಿಯಾದರೂ ವೀರ, ಅವನಿಗೆ ಶಾಂತಿ ಸಿಗಲಿ ಎಂಬ ಅರ್ಥದ ಮಾತು ಅದರ ಮೇಲಿದೆ.

ಎರಡನೆಯದು ಹೆಂಟ್ಸಿ ಎಂಬ ಸೇನಾಪತಿಯ ಸ್ಮಾರಕ. 1849ರಲ್ಲಿ ಹಂಗೇರಿಯನ್ನರು ಆಸ್ಟ್ರಿಯಾದ ವಿರುದ್ಧ ಬಂಡೆದ್ದಾಗ ಆಸ್ಟ್ರಿಯಾದ ಪರವಾಗಿ ಬುಡಾ ಕೋಟೆ ಕಾಯುತ್ತಿದ್ದವನು ಇವನು. ಕೋಟೆಯಿಂದ ಎದುರು ದಡದ ಪೆಸ್ಟ್ ಊರಿನ ಮೇಲೆ ತೋಪು ಹಾರಿಸಿದ್ದ. ಕೋಟೆ ಬೀಳುವಾಗ ಗಾಯಗೊಂಡು ಸತ್ತ. ಬಂಡಾಯವನ್ನು ಹತ್ತಿಕ್ಕಿದ ಮೇಲೆ, 1852ರಲ್ಲಿ, ಆಸ್ಟ್ರಿಯಾದ ಪ್ರಭುತ್ವ ಅವನಿಗೆ ಆ ಗುಡ್ಡದ ಮೇಲೆಯೇ ದೊಡ್ಡ ಸ್ಮಾರಕ ನಿಲ್ಲಿಸಿತು. ಊರವರು ಅದನ್ನು ದಿನಾ ನೋಡಬೇಕಾಗಿತ್ತು. ನಲವತ್ತೇಳು ವರ್ಷ ಹಲ್ಲು ಕಚ್ಚಿಕೊಂಡು ನೋಡಿದರು. 1899ರಲ್ಲಿ ಅದನ್ನು ಅಲ್ಲಿಂದ ಎತ್ತಿ ಸೈನಿಕ ಶಾಲೆಯ ಅಂಗಳಕ್ಕೆ ಸಾಗಿಸಿದರು. ಮುಂದೆ ಅಲ್ಲಿಯೂ ಉಳಿಯಲಿಲ್ಲ.

ಎರಡೂ ವೈರಿಗಳ ಸ್ಮಾರಕಗಳೇ. ಒಂದನ್ನು ಗೆದ್ದವರು ಸೋತವರ ತಲೆಯ ಮೇಲೆ ನಿಲ್ಲಿಸಿದರು, ಅದು ಹೋಯಿತು. ಇನ್ನೊಂದನ್ನು ಊರವರು ತಾವಾಗಿ ನಿಲ್ಲಿಸಿದರು, ಅದು ಉಳಿಯಿತು. ಅಂದಮೇಲೆ ನಮ್ಮ ಟೇಲರ್ ಮಂಜಿಲ್ ಇವುಗಳಲ್ಲಿ ಯಾವುದು? ಹೆಂಟ್ಸಿಯ ಕಂಬವೋ, ಪಾಶಾನ ಗೋರಿಯೋ?

ಸುಲಭವಾಗಿ ಉತ್ತರ ಹೇಳಲು ಬರುವುದಿಲ್ಲ. ಕಟ್ಟಿದವನು ಅಧಿಕಾರಿ, ಕಟ್ಟಿದ್ದು ಗುಡ್ಡದ ಮೇಲೆ, ಆ ಮಟ್ಟಿಗೆ ಅದು ಹೆಂಟ್ಸಿಯ ಕಂಬ. ಆದರೆ ಹೆಸರನ್ನು ಉಳಿಸಿಕೊಂಡವರು ಊರವರು. ನಿಜಾಮನ ಕಾಲ ಹೋಯಿತು, 1956ರಲ್ಲಿ ನಾವು ಕರ್ನಾಟಕಕ್ಕೆ ಬಂದೆವು, ಎಷ್ಟೋ ಬೀದಿಗಳ ಹೆಸರು ಬದಲಾದವು. ಟೇಲರ್ ಮಂಜಿಲ್ ಹೆಸರು ಹಾಗೆಯೇ ನಿಂತಿದೆ. ಯಾರೂ ಕಲ್ಲು ಬೀರಲಿಲ್ಲ. ಇದು ಗುಲಾಮಗಿರಿಯ ಪಳೆಯುಳಿಕೆ ಎಂದು ಸಭೆಗಳಲ್ಲಿ ಹೇಳುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಸುರಪುರದ ಜನ ಟೇಲರನನ್ನು ಕ್ಷಮಿಸಿಯೂ ಇಲ್ಲ, ದೂರಿಯೂ ಇಲ್ಲ. ಎರಡು ಮಾತನ್ನು ಒಟ್ಟಿಗೆ ಇಟ್ಟುಕೊಂಡಿದ್ದಾರೆ. ಅಲ್ಲಿ ಒಬ್ಬ ಹಿರಿಯರು ನನಗೆ ಮಂಜಿಲ್ ತೋರಿಸುತ್ತ, ‘ಸಾಹೇಬ್ರು ಭಾಳ ಛಲೋ ಮನುಷ್ಯಾ ರೀ ಸರ, ಕೆರಿ ಕಟ್ಟಿಸ್ಯಾರ, ಹಾದಿ ಮಾಡ್ಯಾರ’ ಎಂದರು. ಅರಸರು ಹೇಗೆ ಸತ್ತರು ಎಂದು ಕೇಳಿದೆ. ‘ಹೊಡದ್ರು ರೀ. ತಾವ ಹೊಡ್ಕೊಂಡ್ರು ಅಂತ ಬರದಾರ. ಬರಿಯಾವ್ರು ಯಾರು ರೀ? ಅವರ ಅಲಾ?’ ಎಂದರು. ಇಷ್ಟು ಹೇಳಿದ ಮೇಲೂ ಅವರು ಸಾಹೇಬ್ರು ಎನ್ನುವುದನ್ನು ಬಿಡಲಿಲ್ಲ. ಒಂದು ಇಡೀ ವಿಮರ್ಶಾ ಲೇಖನ ಹೇಳಬೇಕಾದದ್ದನ್ನು ಆ ಹಿರಿಯರು ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಅರಸನನ್ನು ಕೊಂದರೋ, ತಾನೇ ಗುಂಡು ಹಾರಿಸಿಕೊಂಡನೋ, ಕೈತಪ್ಪಿ ಹಾರಿತೋ ಎಂಬುದನ್ನು ಇತ್ಯರ್ಥ ಮಾಡಲು ನಾನು ಹೊರಟಿಲ್ಲ. ಟೇಲರ್ ಕೂಡ ಅಲ್ಲಿರಲಿಲ್ಲ, ಕೇಳಿ ಬರೆದದ್ದು. ನಾನು ಕೇಳುವುದಿಷ್ಟೇ: ಪುಸ್ತಕದಲ್ಲಿ ಅಚ್ಚಾದ ಕೇಳಿಕೆ ಚರಿತ್ರೆ, ಓಣಿಯಲ್ಲಿ ಉಳಿದ ಕೇಳಿಕೆ ಕಟ್ಟುಕತೆ ಎಂಬ ವಿಂಗಡಣೆ ಯಾರು ಮಾಡಿದ್ದು?

ಬುಡಾದಿಂದ ಕಲಿಯಬಾರದ ಪಾಠವೂ ಒಂದಿದೆ. 1944ರ ಕೊನೆಯಿಂದ 1945ರ ಫೆಬ್ರವರಿವರೆಗೆ ನಡೆದ ಮುತ್ತಿಗೆಯಲ್ಲಿ ಆ ಅರಮನೆ ಸುಟ್ಟು ಹೋಯಿತು. ಆಮೇಲೆ ಕಟ್ಟಿದ್ದನ್ನು ಅರಸರಿಲ್ಲದ ಕಾಲಕ್ಕೆ ತಕ್ಕಂತೆ ವಸ್ತುಸಂಗ್ರಹಾಲಯ, ಗ್ರಂಥಾಲಯ ಮಾಡಿದರು. ಇತ್ತೀಚಿನ ವರ್ಷಗಳಲ್ಲಿ ಮತ್ತೆ ಹಳೆಯ ವೈಭವದ ಹುಚ್ಚು ಹತ್ತಿ, ಎಂದೋ ಕೆಡವಿದ ಕಟ್ಟಡಗಳನ್ನು ಮೊದಲಿದ್ದಂತೆಯೇ ಹೊಸದಾಗಿ ಎಬ್ಬಿಸಿದ್ದಾರೆ. 2019ರಲ್ಲಿ ಆಗಿನ ಪ್ರಧಾನಿ ತಮ್ಮ ಕಚೇರಿಯನ್ನೇ ಗುಡ್ಡದ ಮೇಲಿನ ಹಳೆಯ ಮಠವೊಂದಕ್ಕೆ ಸಾಗಿಸಿದರು. ನೋಡಲು ಚೆಂದ. ಆದರೆ ಗುಂಡಿನ ಗಾಯ ಇದ್ದ ಗೋಡೆಯ ಜಾಗದಲ್ಲಿ ಗಾಯವಿಲ್ಲದ ಗೋಡೆ ಬಂದರೆ ಅಲ್ಲಿ ಏನು ನಡೆಯಿತೆಂದು ಮಕ್ಕಳಿಗೆ ಹೇಗೆ ಹೇಳುವುದು? ಅಲ್ಲಿಯೂ ಈ ಪ್ರಶ್ನೆ ಕೇಳುವವರಿದ್ದಾರೆ. ನಮ್ಮಲ್ಲಿ ಜೀರ್ಣೋದ್ಧಾರ ಎಂದರೆ ಸಿಮೆಂಟು, ಎನಾಮೆಲ್ ಬಣ್ಣ, ರಾತ್ರಿ ಬಣ್ಣದ ದೀಪ ಎಂದಾಗಿರುವಾಗ ಸುರಪುರದ ಬಂಡೆಗಳ ಬಗ್ಗೆ ನನಗೆ ಭಯವಾಗುತ್ತದೆ. ಅರಮನೆ ಕುಸಿದರೆ ಮತ್ತೆ ಕಟ್ಟಬಹುದು. ಓಣಿಯ ತಿರುವನ್ನು ನೇರ ಮಾಡಿ, ಬಂಡೆ ಒಡೆದು ಬಸ್ಸು ನಿಲ್ಲಿಸಲು ಜಾಗ ಮಾಡಿದರೆ ಪಿಡ್ಡನಾಯಕನ ಊರು ಹೋದಂತೆಯೇ.

ಆ ಊರು ಎಲ್ಲಿ ಜೀವದಿಂದಿದೆ ಎಂದು ಕೇಳಿದರೆ ನಾನು ಅರಮನೆಯನ್ನೂ ತೋರಿಸುವುದಿಲ್ಲ, ಮಂಜಿಲನ್ನೂ ತೋರಿಸುವುದಿಲ್ಲ. ಶ್ರಾವಣದಲ್ಲಿ ಕೃಷ್ಣಾಷ್ಟಮಿಯ ಹೊತ್ತಿಗೆ ವೇಣುಗೋಪಾಲಸ್ವಾಮಿ ಜಾತ್ರೆಗೆ ಹೋಗಿರಿ ಎನ್ನುತ್ತೇನೆ. ಗುಡಿಯ ಮುಂದೆ ಎತ್ತರದ ಕಂಬಗಳನ್ನು ನೆಡುತ್ತಾರೆ. ಬೇಡ ನಾಯಕರ ಹುಡುಗರು ಹತ್ತಬೇಕು, ಮೇಲಿನಿಂದ ಜಾರುವ ನೀರು ಸುರಿಯುತ್ತಲೇ ಇರುತ್ತದೆ. ಹತ್ತುತ್ತಾರೆ, ಜಾರುತ್ತಾರೆ, ಒಬ್ಬರ ಹೆಗಲ ಮೇಲೆ ಒಬ್ಬರು ಕಾಲಿಟ್ಟು ಮತ್ತೆ ಹತ್ತುತ್ತಾರೆ. ಸಗರ, ವಾಗಣಗೇರಾ, ಸುರಪುರ ಎಂದು ಮೂರು ಸಲ ಜಾರಿ ಹತ್ತಿದವರ ಆಟ ಇದು ಎಂದು ನಾನು ಅಂದುಕೊಳ್ಳುತ್ತೇನೆ. ಇದು ನನ್ನ ಕಲ್ಪನೆ, ಪೂಜಾರಿಗಳು ಬೇರೆ ಕಾರಣ ಹೇಳುತ್ತಾರೆ. ಅರಸು ಮನೆತನಕ್ಕೆ ಇಂದಿಗೂ ಆ ಜಾತ್ರೆಯಲ್ಲಿ ಮಾನವಿದೆ. ಆ ಮನೆತನದವರು ವಿಧಾನಸಭೆಗೂ ಆರಿಸಿ ಹೋಗಿದ್ದಾರೆ. ಅದು ಬೇರೆ ಲೇಖನದ ವಿಷಯ.

ಯಾದಗಿರಿ ಜಿಲ್ಲೆಯಾಗಿ ವರ್ಷಗಳಾದವು. ಟೇಲರ್ ಮಂಜಿಲಿನ ಮುಂದೆ ಒಂದು ಫಲಕ ನಿಲ್ಲಿಸಬೇಕೆಂದು ಯಾರಾದರೂ ಎಂದಾದರೂ ಮನಸ್ಸು ಮಾಡಿದರೆ, ಅದರ ಮೇಲೆ ಬೋನಾಳದ ಕೆರೆಯ ಹೆಸರೂ ಇರಲಿ, 1858ರ ಫೆಬ್ರವರಿಯೂ ಇರಲಿ, ಈಶ್ವರಮ್ಮನ ಹೆಸರೂ ಇರಲಿ. ಅರಸನ ಸಾವಿನ ಬಗ್ಗೆ ಪುಸ್ತಕದ ಮಾತನ್ನು ಒಂದು ಸಾಲಿನಲ್ಲಿ, ಓಣಿಯ ಮಾತನ್ನು ಮರುಸಾಲಿನಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಬರೆಸಲಿ. ‘ಅಪ್ಪಾ’ ಎಂಬ ಪದವನ್ನು ಮಾತ್ರ ಕನ್ನಡದಲ್ಲಿಯೇ ಬಿಡಲಿ, ಇಂಗ್ಲಿಷಿನಲ್ಲಿ ಅರ್ಥ ಬರೆಯುವ ಗೊಡವೆಗೆ ಹೋಗದಿರಲಿ.